ದಿನಾಂಕವಿಲ್ಲದ ಲೋಟಗಳು

ಚನ್ನಬಸಮ್ಮನವರ ಮನೆಯಿಂದ ಹೊರಟವರು ಚಪ್ಪಲಿ ಮೆಟ್ಟಿಕೊಂಡು ಜಗುಲಿಯಲ್ಲಿ ಸ್ವಲ್ಪ ಹೊತ್ತು ಕಾಯಲೇಬೇಕಾಗಿತ್ತು. “ಇರಿ, ಇರಿ, ಬರಿಗೈಲಿ ಹೋಗ್ಬೇಡಿ” ಎಂದು ಅವರು ಒಳಗೆ ಓಡುತ್ತಿದ್ದರು. ಸೊಂಟದ ಬೀಗದ ಕೈ ಗೊಂಚಲು ಸದ್ದು ಮಾಡುತ್ತಿತ್ತು, ಬೀರುವಿನ ಬಾಗಿಲು ಕಿರ್ರೆನ್ನುತ್ತಿತ್ತು. ಆಮೇಲೆ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಬರುತ್ತಿದ್ದರು. ಹೆಂಗಸರಿಗಾದರೆ ಒಂದು ರವಿಕೆ ಬಟ್ಟೆ, ಮಕ್ಕಳಿಗಾದರೆ ತಂಬಿಟ್ಟಿನ ಉಂಡೆ, ಏನೂ ಇಲ್ಲದ ದಿನ ಹಿತ್ತಲಿನ ಎರಡು ನಿಂಬೆಹಣ್ಣು. ತೀರಾ ಬಡತನದ ವರ್ಷಗಳಲ್ಲೂ ಈ ಪದ್ಧತಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಹಾರಂಗಿ ಕಡೆಯ ಅವರ ಊರಿನ ಶಾಲೆಗೆ ನಾನು ಮೇಷ್ಟ್ರಾಗಿ ಬಂದಾಗ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಮೊದಲ ದಿನ ಅವರ ಮನೆಯಲ್ಲಿ ಕಾಫಿ ಕುಡಿದು ಎದ್ದಾಗ ಅವರು ನನ್ನ ಕೈಯಲ್ಲಿಟ್ಟದ್ದು ಒಂದು ವಿಭೂತಿ ಗಟ್ಟಿ. ನಮ್ಮ ಮನೆಯಲ್ಲಿ ವಿಭೂತಿ ಧರಿಸುವ ಪದ್ಧತಿಯಿಲ್ಲವೆಂದು ನಾನು ಸಂಕೋಚದಿಂದ ಹೇಳಿದೆ.

“ಹಚ್ಕೋಬೇಡಿ ಬಿಡಿ, ಟ್ರಂಕಲ್ಲಿ ಇಟ್ಕಳಿ. ಒಳ್ಳೇದಾಗ್ಲಿ ಅಂತ ಕೊಡೋದಕ್ಕೂ ಜಾತಿ ಕೇಳ್ಬೇಕಾ ಮೇಷ್ಟ್ರೇ?” ಎಂದು ಅವರು ನಕ್ಕರು. ಆ ಗಟ್ಟಿ ನನ್ನ ಟ್ರಂಕಿನಲ್ಲಿಯೇ ಉಳಿಯಿತು. ಇಂದಿಗೂ ಇದೆ.

ಅವರ ಉಡುಗೊರೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಪುಸ್ತಕ. ಪರೀಕ್ಷೆ ಮುಗಿದ ಮೇಲೆ ಮಕ್ಕಳ ನೋಟ್ ಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನೆಲ್ಲ ಅವರು ಕೇಳಿ ತರಿಸಿಕೊಳ್ಳುತ್ತಿದ್ದರು. ಅವನ್ನು ಸಮನಾಗಿ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಳದಿಂದ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಮೇಲೆ ಚೂರು ಬಟ್ಟೆಯ ಹೊದಿಕೆ ಹಾಕುತ್ತಿದ್ದರು. ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಆ ಪುಸ್ತಕಗಳು ಮಕ್ಕಳ ಕೈಸೇರುತ್ತಿದ್ದವು.

“ಪಾಠ ಬರೀಬೇಡಿ ಇದ್ರಲ್ಲಿ. ದಿನಾ ಒಂದು ಸಾಲು ನಿಮ್ದೇ ಬರೀರಿ. ಏನ್ ತಿಂದ್ರಿ, ಯಾರ್ ಬಂದ್ರು, ಯಾರ್ ಬೈದ್ರು, ಎಲ್ಲ” ಎನ್ನುತ್ತಿದ್ದರು. ಅವರು ಓದಿದ್ದು ನಾಲ್ಕನೆಯ ತರಗತಿ. ತಮಗೆ ಸಿಗದೇ ಹೋದ ಹಾಳೆಗಳನ್ನು ಊರಿನ ಮಕ್ಕಳಿಗೆಲ್ಲ ಹಂಚುತ್ತಿದ್ದಾರೇನೋ ಎಂದು ನನಗೆ ಅನ್ನಿಸುತ್ತಿತ್ತು. ಒಬ್ಬ ಹುಡುಗ ತನ್ನ ಪುಸ್ತಕದಲ್ಲಿ ತಿಂಗಳುಗಟ್ಟಲೆ “ಇಂದು ಮೇಷ್ಟ್ರು ಹೊಡೆದರು” ಎಂದೇ ಬರೆದಿಟ್ಟಿದ್ದ. ರಜೆಯ ದಿನಗಳಲ್ಲೂ ಹೊಡೆದಿದ್ದೆ! ಅವನ ತಂದೆ ಅದನ್ನು ತಂದು ತೋರಿಸಿದಾಗ ಚನ್ನಬಸಮ್ಮನವರು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು.

ಗಂಡ ಬೇಗ ತೀರಿಕೊಂಡರು. ಮನೆಯ ಮುಂಭಾಗದ ದಿನಸಿ ಅಂಗಡಿಯನ್ನು ಅವರೇ ನಡೆಸಿ, ಒಬ್ಬನೇ ಮಗ ಮಹದೇವಪ್ಪನನ್ನು ಬೆಳೆಸಿದರು. ಅವನು ನನ್ನ ವಿದ್ಯಾರ್ಥಿ. ಶುಂಠಿ ವ್ಯಾಪಾರಕ್ಕಿಳಿದು ಕುಶಾಲನಗರದಲ್ಲಿ ಮಂಡಿ ಹಾಕಿದ, ಎರಡಂತಸ್ತಿನ ಮನೆ ಕಟ್ಟಿಸಿದ. ತಾಯಿಯನ್ನು ಗೌರವದಿಂದಲೇ ಕರೆದುಕೊಂಡು ಹೋದ. ಹಳೆಯ ಬೀರುವೂ ಬೀಗದ ಕೈ ಗೊಂಚಲೂ ಅವರ ಜೊತೆಯಲ್ಲಿಯೇ ಹೋದವು. ನಿವೃತ್ತಿಯಾದ ಮೇಲೆ ನಾನೂ ಅದೇ ಪೇಟೆಯಲ್ಲಿ ನೆಲೆಸಿದ್ದರಿಂದ ನಮ್ಮ ಮಾತುಕತೆ ಮುಂದುವರಿಯಿತು.

ಎರಡು ವರ್ಷಗಳ ಹಿಂದೆ, ಚಳಿಗಾಲ ಮುಗಿಯುವ ಹೊತ್ತಿಗೆ, ಅವರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರವೇರಿತು. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, “ವಯಸ್ಸಾಗಿದೆ, ಮನೆಗೆ ಕರೆದುಕೊಂಡು ಹೋಗಿ” ಎಂದುಬಿಟ್ಟರು. ನೆಂಟರು ಬಂದು ತುಂಬಿದರು. ನಾನೂ ಹೋಗಿ ಕಡೆಯ ಸಲವೆಂದು ನೋಡಿ ಬಂದೆ. ಕಣ್ಣು ಮುಚ್ಚಿತ್ತು, ಉಸಿರು ಮಾತ್ರ ಗೊರಗೊರ ಎನ್ನುತ್ತಿತ್ತು. ಮರುದಿನವೋ ಅದರ ಮರುದಿನವೋ ಅವರು ಕಣ್ಣು ತೆರೆದು ಗಂಜಿ ಕೇಳಿದರು. ಯುಗಾದಿಯ ಹೊತ್ತಿಗೆ ಗೋಡೆ ಹಿಡಿದುಕೊಂಡು ಓಡಾಡತೊಡಗಿದರು.

ಆದರೆ ಬೀಗದ ಕೈ ಗೊಂಚಲು ಅವರ ಸೊಂಟಕ್ಕೆ ಹಿಂದಿರುಗಲಿಲ್ಲ. ಕಾಯಿಲೆಯ ಗಡಿಬಿಡಿಯಲ್ಲಿ ಸೊಸೆ ಅದನ್ನು ತೆಗೆದಿರಿಸಿದ್ದಳು. ಕೇಳಿದರೆ, “ನಿಮ್ಗ್ಯಾಕತ್ತೆ ಇನ್ನು ಆ ಭಾರ?” ಎನ್ನುತ್ತಿದ್ದಳು. ಅದರಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅಂದಿನಿಂದ ನಾನು ಹೊರಡುವಾಗ ಚನ್ನಬಸಮ್ಮನವರ ಕೈ ಸೊಂಟದ ತನಕ ಹೋಗಿ ಬರಿದೇ ಹಿಂದಿರುಗುತ್ತಿತ್ತು. ಆಗ ಅವರು ತಮ್ಮ ತಟ್ಟೆಯಲ್ಲಿದ್ದ ಬಿಸ್ಕತ್ತನ್ನೋ ಬಾಳೆಹಣ್ಣನ್ನೋ ಎತ್ತಿ ನನ್ನ ಜೇಬಿಗೆ ತುರುಕುತ್ತಿದ್ದರು. ಕೊಡುವ ಕೈಯೊಂದು ಉಳಿದರೆ ಸಾಕೆಂದು ಅವರು ಒದ್ದಾಡುತ್ತಿದ್ದರು.

ಆ ವರ್ಷವೇ ಮೊಮ್ಮಗಳು ವಿನುತಾಳ ಮಗುವಿಗೆ ಮೊದಲನೆಯ ಹುಟ್ಟುಹಬ್ಬ ಬಂತು. ಸಮಾರಂಭ ತವರುಮನೆಯ ತಾರಸಿಯ ಮೇಲೆಯೇ. ಸುದ್ದಿ ತಿಳಿದ ದಿನದಿಂದ ಚನ್ನಬಸಮ್ಮನವರು ಪುಸ್ತಕ ಹೊಲಿಯಲು ಕುಳಿತರು. ಮಂಡಿಯಿಂದ ಹಾಳೆ ತರಿಸಿಕೊಂಡರು, ತಮ್ಮ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊದಿಕೆ ಮಾಡಿದರು. ಬರುವ ಮಕ್ಕಳಿಗೆಲ್ಲ ಒಂದೊಂದು ಪುಸ್ತಕ.

ಹುಟ್ಟುಹಬ್ಬದ ಸಂಜೆ ನಾನು ಸ್ವಲ್ಪ ಮುಂಚಿತವಾಗಿಯೇ ಹೋದೆ. ನಡುಮನೆಯಲ್ಲಿ ಬಣ್ಣದ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದರ ಮೇಲೂ ಕಾರ್ಟೂನ್ ಕರಡಿಯ ಚಿತ್ರ, ಮಗುವಿನ ಹೆಸರು. ವಿನುತಾ ಅವುಗಳಿಗೆ ರಿಬ್ಬನ್ ಕಟ್ಟುತ್ತಿದ್ದಳು.

“ಅಜ್ಜಿ ಪುಸ್ತಕ ಹೊಲ್ದವ್ರಲ್ಲಮ್ಮ?” ಎಂದೆ.

“ಅಯ್ಯೋ ಸಾರ್, ಈಗಿನ್ ಮಕ್ಳು ಅದನ್ನ ಯಾರ್ ತಗತಾರೆ? ರಿಟರ್ನ್ ಗಿಫ್ಟ್ ಅಂದ್ರೆ ನೋಡಕ್ಕೆ ಗ್ರ್ಯಾಂಡಾಗಿರ್ಬೇಕು. ಅಜ್ಜಿಗೆ ನೀವೇ ಸ್ವಲ್ಪ ಹೇಳಿ, ನಾವ್ ಹೇಳಿದ್ರೆ ಬೇಜಾರ್ ಮಾಡ್ಕತಾರೆ.”

ಹಿಂದಿನ ಕೋಣೆಯಲ್ಲಿ ಚನ್ನಬಸಮ್ಮನವರು ಕಡೆಯ ಪುಸ್ತಕದ ದಾರಕ್ಕೆ ಗಂಟು ಹಾಕುತ್ತಿದ್ದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, “ಬಾಟ್ಲಿ ಬಂದಿರೋದು ನೋಡ್ದೆ ಮೇಷ್ಟ್ರೇ. ಅದೂ ಕೊಡ್ಲಿ, ಇದೂ ಕೊಡ್ತೀನಿ. ಮೆಟ್ಲ ಕೆಳಗಿನ ರೂಮಲ್ಲಿ ರಟ್ಟಿನ ಪೆಟ್ಟಿಗೆ ಇರ್ತವೆ. ಬನ್ನಿ, ಒಂದು ಹಿಡ್ಕಂಡ್ ಬರಣ, ಇವನ್ನ ತುಂಬಕ್ಕೆ” ಎಂದರು.

ಆ ಕೋಣೆಯಲ್ಲಿ ಶುಂಠಿ ತುಂಬುವ ಖಾಲಿ ಚೀಲಗಳ ಹಿಂದೆ ನಾಲ್ಕೈದು ಪೆಟ್ಟಿಗೆಗಳಿದ್ದವು. ನಾನು ಒಂದನ್ನು ಎಳೆದೆ. ಭಾರವಾಗಿತ್ತು, ಒಳಗಿನಿಂದ ಪಾತ್ರೆಯ ಸದ್ದು ಬಂತು. ಚನ್ನಬಸಮ್ಮನವರು ಕೈಯಲ್ಲಿದ್ದ ದಬ್ಬಳದಿಂದಲೇ ಅಂಟುಪಟ್ಟಿಯನ್ನು ಸೀಳಿದರು. ತೆಳು ಕಾಗದದಲ್ಲಿ ಸುತ್ತಿದ ಹೊಸ ಸ್ಟೀಲ್ ಲೋಟಗಳು. ಅವರ ಮುಖ ಅರಳಿತು. “ಅಲ್ಲಾ, ಇಷ್ಟೊಂದು ಲೋಟ ತಂದು ಮಡಗವ್ರೆ, ನಂಗೊಂದು ಮಾತು ಹೇಳಿಲ್ಲ!” ಎಂದು ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಅದರ ಮೇಲೆ ಅಕ್ಷರಗಳನ್ನು ಕೊರೆಸಿದ್ದರು. ಅವರು ಒಂದೊಂದೇ ಅಕ್ಷರವನ್ನು ಕೂಡಿಸಿ ಗಟ್ಟಿಯಾಗಿ ಓದಿದರು.

“ಲಿಂಗೈಕ್ಯ ಶ್ರೀಮತಿ ಚನ್ನಬಸಮ್ಮನವರ ಸ್ಮರಣಾರ್ಥ. ದಿನಾಂಕ.”

ದಿನಾಂಕ ಎಂಬುದರ ಮುಂದೆ ಏನೂ ಇರಲಿಲ್ಲ.

ತಾರಸಿಯ ಮೇಲೆ ಹಾಡು ಹಾಕಿದ್ದರು. ಅದು ಮೆಟ್ಟಿಲ ಕೆಳಗಿನ ತನಕ ಕೇಳುತ್ತಿತ್ತು. ಚನ್ನಬಸಮ್ಮನವರು ತಮ್ಮ ಹೆಸರಿನ ಮೇಲೆ ಉಗುರಾಡಿಸಿ ನೋಡಿದರು. “ಅಕ್ಷರ ಚೆನ್ನಾಗಿ ಕೊರ್ದವ್ರೆ. ತಾರೀಕಿಗೆ ಜಾಗ ಬಿಟ್ಟವ್ರೆ ನೋಡಿ. ಅದೊಂದು ನಾನೇ ತುಂಬ್ಬೇಕು” ಎಂದರು.

ಸದ್ದು ಕೇಳಿ ಮಹದೇವಪ್ಪನೂ ಅವನ ಮಗ ನವೀನ್‌ಕುಮಾರನೂ ಬಂದರು. ಮಹದೇವಪ್ಪನ ಮುಖ ಬಿಳಿಚಿಕೊಂಡಿತು. ಮಾತನಾಡಿದವನು ನವೀನ.

“ಅಜ್ಜಿ, ತಪ್ಪು ತಿಳ್ಕಬೇಡಿ. ಆವತ್ತು ಡಾಕ್ಟ್ರೇ ಆಗಲ್ಲ ಅಂದಿದ್ರು. ಮದುವೆ ಸೀಸನ್ನು, ಕೊರೆಯೋ ಮಿಷಿನ್ನೋನು ಮೊದ್ಲೇ ಹೇಳ್ದಿದ್ರೆ ಆಗಲ್ಲ ಅಂದ. ಶಿವಗಣಾರಾಧನೆ ದಿನ ಬಂದೋರಿಗೆ ಬರೀ ಲಾಡು ಕೊಟ್ಟು ಕಳ್ಸಕ್ಕಾಗುತ್ತಾ? ನಿಮ್ದೇ ಪದ್ಧತಿ ಅಲ್ವಾ ಬರಿಗೈಲಿ ಕಳಿಸ್ಬಾರ್ದು ಅನ್ನೋದು?”

“ಹೌದಪ್ಪ, ನಂದೇ ಪದ್ಧತಿ” ಎಂದರು ಅಜ್ಜಿ. “ಆಮೇಲ್ ನಾನು ಸಾಯ್ಲಿಲ್ವಲ್ಲ, ವಾಪಸ್ ಕೊಡ್ಬೇಕಾಗಿತ್ತು.”

“ಹೆಸ್ರು ಕೊರ್ದಿರೋ ಮಾಲು ಅಂಗಡಿಯೋನು ವಾಪಸ್ ತಗಳಲ್ಲ ಅಜ್ಜಿ.”

“ಅವ್ವ, ಬಾರವ್ವ ಮೇಲಕ್ಕೆ, ಕೇಕ್ ಕಟ್ ಮಾಡ್ಬೇಕು” ಎಂದು ಮಹದೇವಪ್ಪ ತಾಯಿಯ ತೋಳು ಹಿಡಿದ.

ಅವರು ಕದಲಲಿಲ್ಲ. “ಮಾದೇವ, ಈ ಲೋಟ ನನ್ ಹೆಸ್ರಲ್ಲೈತೆ. ಬಂದಿರೋರು ಹೆಂಗೂ ನಮ್ಮೋರೇ. ಇವತ್ತೇ ನಾನೇ ಕೂತ್ಕಂಡು ನನ್ ಕೈಯಾರೆ ಒಂದೊಂದು ಕೊಡ್ತೀನಿ. ಒಳಗೊಂದು ಪುಸ್ತಕ ಸುತ್ತಿಟ್ರಾಯ್ತು.”

“ಮಗು ಹುಟ್ಟುಹಬ್ಬಕ್ಕೆ ತಿಥಿ ಲೋಟ ಕೊಡ್ತಾರೇನವ್ವ? ಜನ ಏನಂತಾರೆ?”

ಬಾಗಿಲಿಗೆ ಬಂದು ನಿಂತಿದ್ದ ವಿನುತಾ ಅಳು ತಡೆದುಕೊಂಡು, “ಅಜ್ಜಿ, ಪ್ಲೀಸ್, ಇವತ್ತೊಂದಿನ ಬೇಡ” ಎಂದಳು.

“ಯಾವತ್ತು ಬೇಕು ಹೇಳವ್ವ. ಅವತ್ತು ನಾನಿರಲ್ವಲ್ಲ” ಎಂದರು ಚನ್ನಬಸಮ್ಮನವರು.

ನವೀನ ಪೆಟ್ಟಿಗೆಯನ್ನು ಮತ್ತೆ ಒಳಗೆ ತಳ್ಳಿದ. ಹೊಲಿದ ಪುಸ್ತಕಗಳನ್ನೂ ಆಮೇಲೆ ಅದೇ ಕೋಣೆಗೆ ಸೇರಿಸಿ ಬೀಗ ಹಾಕಿದರಂತೆ. ಕೇಕ್ ಕತ್ತರಿಸುವಾಗ ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರು. ಮಕ್ಕಳು ಕರಡಿ ಬಾಟಲಿಗಳನ್ನು ಹಿಡಿದು ಕುಣಿದವು.

ಬೀಗ ಬೀಳುವ ಮೊದಲೇ ಚನ್ನಬಸಮ್ಮನವರು ಎರಡು ಲೋಟಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಮರುದಿನದಿಂದ ಅವರ ಕಾಫಿ ಅವುಗಳಲ್ಲೊಂದರಲ್ಲೇ. ಬಂದ ನೆಂಟರೆದುರಿಗೆ, ಶುಂಠಿ ವ್ಯಾಪಾರಿಗಳೆದುರಿಗೆ, ಒಮ್ಮೆ ಮಠದ ಸ್ವಾಮಿಗಳೆದುರಿಗೂ, ಅಕ್ಷರಗಳು ಎದುರಿಗಿದ್ದವರಿಗೆ ಕಾಣುವ ಹಾಗೆ ಹಿಡಿದು ನಿಧಾನವಾಗಿ ಗುಟುಕರಿಸುತ್ತಿದ್ದರು. ಮಗ ಬೆಳ್ಳಿಯ ಲೋಟ ತಂದುಕೊಟ್ಟ. “ಅದು ನೀನೇ ಮಡಿಕ್ಕೋ, ನಂಗೆ ಇದ್ರಲ್ಲೇ ರುಚಿ” ಎಂದರಂತೆ. ಒಂದು ದಿನ ಸೊಸೆಯ ಕೈಜಾರಿ ಆ ಸ್ಟೀಲ್ ಲೋಟ ಬಿದ್ದು ಅಂಚು ನೆಗ್ಗಿತು. ಆದರೂ ಅವರು ಅದನ್ನು ಬಿಡಲಿಲ್ಲ.

ಎರಡನೆಯ ಲೋಟ ಯಾತಕ್ಕೆಂದು ನನಗೆ ದೀಪಾವಳಿ ಕಳೆದ ಮೇಲೆ ತಿಳಿಯಿತು. ಒಂದು ಮಧ್ಯಾಹ್ನ ನಾನು ಹೊರಟು ನಿಂತಾಗ, “ಇರಿ, ಇರಿ” ಎಂಬ ಹಳೆಯ ದನಿ ಕೇಳಿತು. ಎಷ್ಟೋ ತಿಂಗಳುಗಳ ಮೇಲೆ ಕೇಳಿದ ದನಿ. ಅವರು ದಿಂಬಿನ ಕೆಳಗಿನಿಂದ ಲೋಟ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಎರಡು ಕೈಗಳೊಳಗಿಟ್ಟರು.

“ವಿನುತಂಗೆ ಕೊಟ್ಟೆ, ಮುಟ್ಲಿಲ್ಲ. ಪಕ್ಕದ್ಮನೆಯೋರು ಶಿವಶಿವಾ ಅಂದು ಓಡೋದ್ರು. ನೀವು ವಿಭೂತಿ ಮಡಿಕ್ಕಂಡೋರು, ಇದನ್ನೂ ಮಡಿಕ್ಕಳಿ. ಕೊಡೋ ಕೈ ಇರುವಾಗ್ಲೇ ಇಸ್ಕಳಿ ಮೇಷ್ಟ್ರೇ.”

“ಸಂತೋಷದಿಂದ ಇಟ್ಟುಕೊಳ್ಳುತ್ತೇನಮ್ಮ” ಎಂದು ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅವರ ಮುಖದಲ್ಲಿ ಮೂಡಿದ ತೃಪ್ತಿಯನ್ನು ಕಂಡು, ಇಷ್ಟು ಸಣ್ಣ ಕೆಲಸಕ್ಕೆ ಈ ಜೀವ ಇಷ್ಟು ದಿನ ಕಾಯಬೇಕಾಯಿತಲ್ಲ ಎನಿಸಿತು.

ಗೇಟಿನ ಹತ್ತಿರ ನವೀನ ಗಾಡಿ ನಿಲ್ಲಿಸುತ್ತಿದ್ದ. ನಯವಾದ ಹುಡುಗ. ಕೈಮುಗಿದ. ಚೀಲದಿಂದ ಲೋಟದ ಅಂಚು ಇಣುಕುತ್ತಿತ್ತು.

“ಸಾರ್, ಅದೊಂದು ಇಲ್ಲಿ ಕೊಟ್ಬಿಡಿ. ಜನಕ್ಕೆ ಸರಿಯಾಗಿ ತರ್ಸಿರೋದು, ಆಮೇಲೆ ಒಂದೆರಡಕ್ಕೋಸ್ಕರ ಹೊಸದಾಗಿ ಕೊರ್ಸಕ್ಕಾಗಲ್ಲ. ನಿಮ್ಗೆ ಆಮೇಲೆ ಕೊಟ್ಟೇ ಕೊಡ್ತೀವಿ ಸಾರ್, ಮರೆಯಲ್ಲ.”

ಅವನು ಪೂರ್ತಿ ಮರ್ಯಾದೆಯಿಂದಲೇ ಹೇಳಿದ. ನಾನು ತಿರುಗಿ ನೋಡಿದೆ. ಚನ್ನಬಸಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಅವರಿಗೆ ಕೇಳಿಸಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

“ನವೀನ, ಇದು ಅಜ್ಜಿ ಕೊಟ್ಟಿದ್ದು. ನಾನು ಕೊಡುವುದಿಲ್ಲ” ಎಂದೆ.

“ಕೊಟ್ಬಿಡಿ ಮೇಷ್ಟ್ರೇ” ಎಂದರು ಅವರು ಬಾಗಿಲಿನಿಂದಲೇ. “ಅದು ಅವ್ರ ಮಾಲು. ಕೊಡಕ್ಕೆ ನಂದೇನೈತೆ?” ಹಾಗೆಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಲೋಟವನ್ನು ನವೀನನ ಕೈಗಿಟ್ಟೆ. ಆ ಮನೆಯಿಂದ ನಾನು ಬರಿಗೈಯಲ್ಲಿ ಬಂದದ್ದು ಅದೇ ಮೊದಲು.

ಮರುವರ್ಷದ ಆಷಾಢದಲ್ಲಿ, ಮಧ್ಯಾಹ್ನದ ಕಾಫಿ ಕುಡಿದು ಮಲಗಿದವರು ಏಳಲಿಲ್ಲ.

ಶಿವಗಣಾರಾಧನೆಗೆ ಬಹಳ ಜನ ಸೇರಿದ್ದರು. ಊಟ ಅಚ್ಚುಕಟ್ಟಾಗಿತ್ತು. ಹೊರಡುವವರಿಗೆ ಬಾಗಿಲಲ್ಲಿ ನಿಂತು ನವೀನ ಒಂದೊಂದು ಲೋಟ ಕೊಡುತ್ತಿದ್ದ. ಲೋಟದೊಳಗೆ ಲಾಡು, ಜೊತೆಗೆ ವಿಭೂತಿಯ ಪೊಟ್ಟಣ. ದಿನಾಂಕದ ಖಾಲಿ ಜಾಗದ ಮೇಲೆ ಅಚ್ಚು ಮಾಡಿಸಿದ ಸಣ್ಣ ಚೀಟಿ ಅಂಟಿಸಿದ್ದರು. ಕೆಲವು ಚೀಟಿಗಳು ಆಗಲೇ ಉದುರುತ್ತಿದ್ದವು.

“ತಗಳಿ ಸಾರ್” ಎಂದು ಅವನು ನನ್ನ ಕೈಯಲ್ಲಿಟ್ಟ. ಅವನ ಕಣ್ಣು ಕೆಂಪಾಗಿತ್ತು, ಅತ್ತಿದ್ದ. “ಆವತ್ತು ಹೇಳಿದ್ನಲ್ಲ, ಮರೆಯಲ್ಲ ಅಂತ.”

“ಅಜ್ಜಿ ಕಾಫಿ ಕುಡಿಯುತ್ತಿದ್ದ ಲೋಟ ಇದೆಯಲ್ಲಪ್ಪ, ಅಂಚು ನೆಗ್ಗಿದ್ದು. ಇದರ ಬದಲು ಅದನ್ನು ಕೊಡುತ್ತೀಯಾ?”

ಅವನು ತಲೆ ಕೆರೆದುಕೊಂಡ. “ಅದನ್ನೂ ತೊಳ್ದು ಇದ್ರಲ್ಲೇ ಸೇರಿಸ್ಬಿಟ್ವಿ ಸಾರ್, ಲೋಟ ಸಾಲದೆ ಬಂತು. ಯಾರ್ಗ್ ಹೋಯ್ತೋ. ಎಲ್ಲ ಒಂದೇ ತರ ಅಲ್ವಾ ಸಾರ್?”

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಗೆರೆ ಹಾಕಿದ ಹಾಳೆ, ಏನೂ ಬರೆದಿರಲಿಲ್ಲ. ಅದರ ಒಂದು ಅಂಚಿನಲ್ಲಿ, ಸಮನಾದ ಅಂತರದಲ್ಲಿ, ದಬ್ಬಳದ ತೂತುಗಳಿದ್ದವು. ಚನ್ನಬಸಮ್ಮನವರು ಹೊಲಿದಿದ್ದ ಪುಸ್ತಕಗಳನ್ನು ಬಿಚ್ಚಿ, ಆ ಹಾಳೆಗಳಲ್ಲಿ ಮನೆಯವರು ವಿಭೂತಿ ಕಟ್ಟಿದ್ದರು. ಅಂತೂ ಅವರ ಪುಸ್ತಕ ಬಂದವರೆಲ್ಲರ ಕೈಗೂ ಹೋಯಿತು, ಒಂದೊಂದು ಹಾಳೆ. ಎಷ್ಟು ಜನ ಅದನ್ನು ಬಿಚ್ಚಿ ಬಿಸಾಡಿದರೋ ತಿಳಿಯದು. ಆ ಹಾಳೆಯನ್ನು ಮಡಿಸಿ ಟ್ರಂಕಿನಲ್ಲಿ ಹಳೆಯ ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟೆ. ಲೋಟ ಮಾತ್ರ ಅಡುಗೆಮನೆಯಲ್ಲಿದೆ. ಅದರಲ್ಲಿ ಕಾಫಿ ಕುಡಿಯಲು ನನಗೆ ಇನ್ನೂ ಆಗಿಲ್ಲ.