ನಾದಿನಿ ಮನೆಯ ಕಂಪ್ಯೂಟರು, ನಮ್ಮ ಮನೆಯ ಕಂಪ್ಯೂಟರು

ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಶನಿವಾರ ಬಂತೆಂದರೆ ಬೆಳಿಗ್ಗೆಯಿಂದಲೇ ನನ್ನ ಮುಖ ಬಿಗಿಯುತ್ತಿತ್ತು. ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಯೂನಿಫಾರ್ಮನ್ನು ಕುರ್ಚಿಯ ಮೇಲೆ ಎಸೆದು, ನಿಂತುಕೊಂಡೇ ನಾಲ್ಕು ತುತ್ತು ತಿಂದು ಮಂಡ್ಯದ ಬಸ್ಸಿಗೆ ಓಡುತ್ತಿದ್ದಳು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವರಪ್ಪ ಹತ್ತಿಸುತ್ತಿದ್ದರು, ಮಂಡ್ಯದಲ್ಲಿ ಅವಳ ಅತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಅತ್ತೆ ಎಂದರೆ ನನ್ನ ಗಂಡನ ತಂಗಿ, ನನ್ನ ನಾದಿನಿ. ಭಾನುವಾರ ಸಂಜೆ ಮಗಳು ವಾಪಸು ಬರುವಾಗ ಬಾಯಿ ತುಂಬ ಅತ್ತೆಯೇ ಇರುತ್ತಿದ್ದಳು. ಅತ್ತೆ ಹಿಂಗಂದ್ಲು, ಅತ್ತೆ ಹಂಗ್ ಮಾಡಿದ್ಲು. ಕೊನೆಗೊಂದು ದಿನ ಅತ್ತೆ ಮನೆಯ ಬಸ್ಸಾರು ನಮ್ಮ ಮನೆಯದಕ್ಕಿಂತ ಚೆನ್ನಾಗಿದೆ ಎಂದೂ ಹೇಳಿದಳು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಾದಿನಿ ಎರಡು ಜಡೆಯ ಹುಡುಗಿ. ಅವಳ ತಲೆ ಬಾಚಿದವಳು ನಾನು. ಬಸ್ಸಾರಿಗೆ ಸೊಪ್ಪು ಎಷ್ಟು, ಕಾಳು ಎಷ್ಟು, ಬೆಳ್ಳುಳ್ಳಿ ಯಾವಾಗ ಎಂದು ಹೇಳಿಕೊಟ್ಟವಳೂ ನಾನೇ. ಈಗ ಅವಳು ಮಂಡ್ಯದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಿ ಐದಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನಿಗೆ ಮೈಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಡ್ಯೂಟಿ. ರಜೆಯ ದಿನ ಒಬ್ಬಳೇ ಇರಬೇಕಲ್ಲ ಎಂದು ಅವಳು ಆಟಕ್ಕೆಂದೇ ಒಂದು ಕಂಪ್ಯೂಟರು ಕೊಂಡಿದ್ದಳು. ನನ್ನ ಮಗಳನ್ನು ಎಳೆದುಕೊಂಡು ಹೋಗುತ್ತಿದ್ದದ್ದು ಅದೇ.

ಹಾಗೆ ನೋಡಿದರೆ ನಮ್ಮ ಮನೆಯಲ್ಲೂ ಕಂಪ್ಯೂಟರಿತ್ತು. ತಾಲ್ಲೂಕು ಆಫೀಸಿನ ಎದುರು ನಾನು ಟೈಪಿಂಗ್ ಅಂಗಡಿ ಇಟ್ಟಿದ್ದಾಗ ತೆಗೆದುಕೊಂಡದ್ದು. ಅಂಗಡಿ ಮುಚ್ಚಿದ ಮೇಲೆ ಅದನ್ನು ಮನೆಗೆ ತಂದು, ಪ್ರೆಸ್ಸಿನವರು ಕಳಿಸುವ ಲಗ್ನಪತ್ರಿಕೆಗಳನ್ನು ಅದರಲ್ಲೇ ಟೈಪ್ ಮಾಡಿಕೊಡುತ್ತಿದ್ದೆ. ಸ್ವಿಚ್ಚು ಒತ್ತಿ, ಒಳಗೆ ಹೋಗಿ ಹಾಲು ಕಾಯಿಸಿ ಬಂದರೆ ಪರದೆ ಬೆಳಗಿರುತ್ತಿತ್ತು. ಟೈಪಿಂಗಿಗೆ ಅಷ್ಟು ಸಾಕಾಗಿತ್ತು. ಮಗಳು ಒಮ್ಮೆ ಅದರಲ್ಲಿ ಅತ್ತೆ ಮನೆಯ ಆಟವನ್ನು ಹಾಕಲು ಹೋಗಿ, ಅರ್ಧ ಗಂಟೆ ಕಾದು ಎದ್ದಳು.

"ಇದು ಕಂಪ್ಯೂಟ್ರಲ್ಲ ಕಣಮ್ಮ, ಬೀಸೋ ಕಲ್ಲು," ಅಂದಳು.

ಒಂದು ಶನಿವಾರ ನಾನೂ ಮಂಡ್ಯಕ್ಕೆ ಹೋದೆ. ಅಲ್ಲಿ ಅಂಥದ್ದೇನಿದೆ ಎಂದು ನೋಡಬೇಕಿತ್ತು. ನಾದಿನಿ ನನಗೆ ಕಾಫಿ ಕೊಟ್ಟು, ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದಳು. ಅವರಿಬ್ಬರೂ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು. ಪಕ್ಕದಲ್ಲಿದ್ದ ಕಂಪ್ಯೂಟರಿನ ಗಾಜಿನ ಡಬ್ಬದೊಳಗೆ ಕೆಂಪು, ನೀಲಿ ದೀಪಗಳು ತಿರುಗುತ್ತಿದ್ದವು. ಪರದೆಯ ಮೇಲೆ ಕಾಡು, ನದಿ, ಮುರಿದ ಸೇತುವೆ. ಇಬ್ಬರು ಸಣ್ಣ ಮನುಷ್ಯರು ಅದನ್ನು ದಾಟಬೇಕು.

"ಲೇ ಅತ್ತೆ, ಎಡಕ್ಕೆ! ಎಡಕ್ಕೆ ಬಾರೇ, ಬಿದ್ದೋಯ್ತೀಯ!" ಎಂದು ಮಗಳು ಕೂಗಿದಳು.

"ನೀನು ಮೊದ್ಲು ಅಗ್ಗ ಎಸಿಯೇ, ಆಮೇಲ್ ಕಿರುಚ್ಕೋ!" ಎಂದು ನಾದಿನಿಯೂ ಅಷ್ಟೇ ಜೋರಾಗಿ ಕೂಗಿದಳು.

ದೊಡ್ಡವರನ್ನು ಹಾಗೆ ಕೂಗಬಾರದು ಎಂದು ಬೈಯಲು ಬಾಯಿ ತೆರೆದೆ. ಬೈಯದೆ ಕಾಫಿ ಲೋಟ ಎತ್ತಿಕೊಂಡೆ. ಅವಳು ಹಾಗೆ ಕೂಗಿದ್ದಕ್ಕಲ್ಲ ನನಗೆ ಉರಿದದ್ದು, ನನ್ನನ್ನು ಒಂದು ದಿನವೂ ಹಾಗೆ ಕೂಗಿರಲಿಲ್ಲವಲ್ಲ ಎಂದು. ನನ್ನ ಹತ್ತಿರ ಅವಳು ಮಾತಾಡುತ್ತಿದ್ದದ್ದು ಪರೀಕ್ಷೆಯ ಅಂಕ, ಒಗೆಯದ ಸಾಕ್ಸು, ತಲೆಗೆ ಎಣ್ಣೆ. ಇಲ್ಲಿ ಅವಳು ಬೇರೆ ಯಾರದೋ ಮಗಳ ಹಾಗೆ ನಗುತ್ತಿದ್ದಳು. ಇಬ್ಬರೂ ನೀರು ಕುಡಿಯಲು ಒಳಗೆ ಹೋದಾಗ, ನಾನು ಆ ಡಬ್ಬದ ಫೋಟೋ ತೆಗೆದುಕೊಂಡೆ. ಕಳ್ಳಿಯ ಹಾಗೆ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಮನೆಗೆ ಬಂದು ಗಂಡನಿಗೆ ಹೇಳಿದೆ, ನಮ್ಮ ಕಂಪ್ಯೂಟರನ್ನು ರಿಪೇರಿ ಮಾಡಿಸಿ ಆಟಕ್ಕೆ ಆಗುವ ಹಾಗೆ ಮಾಡಿಸುತ್ತೇನೆ ಎಂದು.

"ಅಲ್ಲ ಕಣೆ, ಮುದಿ ಎತ್ತಿಗೆ ಒಸ ಗೆಜ್ಜೆ ಕಟ್ಟುದ್ರೆ ಓಡ್ಬುಡ್ತದಾ?" ಅಂದರು. "ಶನಿವಾರ ಮಂಡ್ಯಕ್ಕೆ ಓಯ್ತಾಳೆ, ಆಡ್ಕೊ ಬತ್ತಾಳೆ. ನಿಂಗೇನ್ ಕಷ್ಟ?"

ಕಷ್ಟವೇನೆಂದು ಅವರಿಗೆ ಹೇಳಲಿಲ್ಲ. ಹೇಳಿದರೆ ಅವರ ತಂಗಿಯ ಮೇಲೆಯೇ ದೂರು ಹೇಳಿದ ಹಾಗಾಗುತ್ತಿತ್ತು.

ಹೊಸದನ್ನು ಕೊಳ್ಳುವಷ್ಟು ನನ್ನ ಹತ್ತಿರ ಇರಲಿಲ್ಲ. ಆ ವರ್ಷದ ಲಗ್ನಗಳಲ್ಲಿ ಟೈಪ್ ಮಾಡಿ ಉಳಿಸಿದ್ದಷ್ಟೇ. ಮಳವಳ್ಳಿಯ ಅಂಗಡಿಗೆ ಹೋದರೆ ಗಂಡನ ಸ್ನೇಹಿತರಿಗೆಲ್ಲ ಗೊತ್ತಾಗುತ್ತದೆಂದು, ಸಿಪಿಯು ಡಬ್ಬವನ್ನು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಮದ್ದೂರಿನ ಬಸ್ಸು ಹತ್ತಿದೆ.

"ಏನಮ್ಮ ಅದು, ಕೋಳಿನಾ?" ಎಂದು ಕಂಡಕ್ಟರು ಕೇಳಿದ.

"ಕೋಳಿಯಾಗಿದ್ರೆ ಕೂಗ್ತಿರ್ಲಿಲ್ವಾ? ಕಂಪ್ಯೂಟ್ರು," ಅಂದೆ. ಅವನು ಲಗೇಜಿನ ಚೀಟಿ ಹರಿಯದೆ ನಕ್ಕು ಮುಂದೆ ಹೋದ.

ಮದ್ದೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬ ಸಾಬರ ರಿಪೇರಿ ಅಂಗಡಿಯಿತ್ತು. ಅವರು ಡಬ್ಬದ ಪಕ್ಕದ ತಗಡು ಬಿಚ್ಚಿದರು. ಒಳಗೆ ಬೂದಿಯಂಥ ದೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ. ನನಗೆ ನಾಚಿಕೆಯಾಯಿತು. ಅವರು ಬ್ರಷ್ಷು ಹಾಕಿ ಉಜ್ಜಿ, ಬ್ಲೋವರಿನಿಂದ ಊದಿ, ನಿಧಾನವಾಗಿ ನೋಡಿದರು.

"ಮೇನ್ ಬೋರ್ಡು, ಪ್ರೊಸೆಸರು ಗಟ್ಟಿಯಾಗಿದಾವೆ ಅಕ್ಕ, ಮುಟ್ಟೋದು ಬೇಡ. ಈ ಹಾರ್ಡ್ ಡಿಸ್ಕೇ ನಿಮ್ಮನ್ನ ಕಾಯ್ಸ್ತಾ ಇರೋದು. ತೆಗ್ದು ಎಸ್‌ಎಸ್‌ಡಿ ಹಾಕೋಣ, ತಕ್ಷಣ ಆನ್ ಆಗುತ್ತೆ. ರ‍್ಯಾಮು ಇನ್ನೊಂದು ಹಾಕೋಣ. ಆಟಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಒಂದಿದೆ, ಚೆನ್ನಾಗಿದೆ. ಆದ್ರೆ ಅದಕ್ಕೆ ಈ ಹಳೇ ಪವರ್ ಸಪ್ಲೈ ಸಾಕಾಗಲ್ಲ."

ನಾನು ಫೋನು ತೆಗೆದು ನಾದಿನಿಯ ಡಬ್ಬದ ಫೋಟೋ ತೋರಿಸಿದೆ. "ಇದರಷ್ಟೇ ಆಗ್ಬೇಕು."

ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿ ತಲೆಯಾಡಿಸಿದರು. "ಇದರಷ್ಟು ಆಗಲ್ಲ ಅಕ್ಕ. ಆದ್ರೆ ಇದರಲ್ಲಿ ಆಡೋ ಆಟ ನಿಮ್ಮದರಲ್ಲೂ ಆಡ್ಬಹುದು. ಸ್ವಲ್ಪ ಸೆಟ್ಟಿಂಗ್ ಕಮ್ಮಿ ಇಟ್ಕೊಂಡ್ರೆ."

"ದೀಪ?"

"ದೀಪಕ್ಕೂ ಆಟಕ್ಕೂ ಸಂಬಂಧ ಇಲ್ಲ. ಅದಕ್ಕೆ ದುಡ್ಡು ಹಾಕ್ಬೇಡಿ, ಆ ದುಡ್ಡಲ್ಲಿ ಒಳ್ಳೇ ಪವರ್ ಸಪ್ಲೈ ಬರುತ್ತೆ."

ಸರಿಯೇ ಅನಿಸಿತು. ಆದರೂ, "ಒಂದೇ ಒಂದು ದೀಪದ ಫ್ಯಾನ್ ಹಾಕಿ," ಅಂದೆ. ಅವರು ನನ್ನ ಮುಖ ನೋಡಿದರು. ಡ್ರಾಯರಿನಿಂದ ಕೆಂಪು ದೀಪದ ಒಂದು ಫ್ಯಾನು ತೆಗೆದರು.

ಕಾರ್ಡು ಉದ್ದವಾಗಿ ಡಬ್ಬದೊಳಗೆ ಕೂರಲಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಕೂರಿಸುತ್ತಿದ್ದ ತಗಡಿನ ಗೂಡನ್ನು ಬಿಚ್ಚಿ ತೆಗೆದ ಮೇಲೆ ಸರಿಯಾಯಿತು. ನಾನು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಅತ್ತೆಗೆ ಗೊತ್ತಿರುವುದು ಅಮ್ಮನಿಗೂ ಗೊತ್ತಿರಬೇಕಿತ್ತು. ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು, ಪಾಠ ಒಪ್ಪಿಸುವವಳ ಹಾಗೆ ಆ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ.

ಸಂಜೆ ಮಗಳು ಶಾಲೆಯಿಂದ ಬಂದು, ನಾನು ಹೇಳಿದ್ದಕ್ಕೆ ಸ್ವಿಚ್ಚು ಒತ್ತಿದಳು. ಬ್ಯಾಗು ಇಳಿಸುವಷ್ಟರಲ್ಲಿ ಪರದೆ ಬಂತು. ತಗಡಿನ ಸಂದಿನಿಂದ ಕೆಂಪು ಬೆಳಕು ಗೋಡೆಗೆ ಬಿತ್ತು. ಅವಳು ಬಗ್ಗಿ ಒಳಗೆ ನೋಡಿ, "ಅಮ್ಮಾ, ಗ್ರಾಫಿಕ್ಸ್ ಕಾರ್ಡು!" ಎಂದು ಕಿರುಚಿ ನನ್ನ ಕೊರಳಿಗೆ ಬಿದ್ದಳು.

"ಎಸ್‌ಎಸ್‌ಡಿನೂ ಹಾಕ್ಸಿದೀನಿ," ಅಂದೆ, ಅದೇನು ಮಹಾ ಎಂಬ ಹಾಗೆ. "ಈ ಶನಿವಾರ ಮಂಡ್ಯಕ್ಕೆ ಓಯ್ತೀಯಾ?"

"ಯಾಕೋಗ್ಲಿ? ಇಲ್ಲೇ ಅದಲ್ಲ!"

ಆ ರಾತ್ರಿ ಊಟ ಬಡಿಸುವಾಗ ಗಂಡನಿಗೆ ಎರಡು ಸಲ ತುಪ್ಪ ಹಾಕಿದೆ.

ಶನಿವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮಗಳು ಮನೆಯಲ್ಲಿದ್ದಾಳೆ ಎಂಬುದೇ ಒಂದು ಸುಖ. ಇದ್ದಕ್ಕಿದ್ದ ಹಾಗೆ ನಡುಮನೆಯಿಂದ ಕೂಗು ಕೇಳಿಸಿತು.

"ಲೇ ಅತ್ತೆ! ಹಿಂದೆ ಬತ್ತಾವ್ರೆ ಕಣೇ!"

ಎದ್ದು ಹೋಗಿ ನೋಡಿದೆ. ಮಗಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಾಳೆ. ಪರದೆಯ ಮೇಲೆ ಇಬ್ಬರು ಸಣ್ಣ ಮನುಷ್ಯರು ಅಕ್ಕಪಕ್ಕ ಓಡುತ್ತಿದ್ದಾರೆ. ಒಬ್ಬಳು ಮಳವಳ್ಳಿಯಲ್ಲಿ, ಇನ್ನೊಬ್ಬಳು ಮಂಡ್ಯದಲ್ಲಿ. ಇಂಟರ್ನೆಟ್ಟಿನಲ್ಲಿ ಹೀಗೆ ಆಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮೊದಲು ವಾರಕ್ಕೊಮ್ಮೆ ಇದ್ದ ಅತ್ತೆ ಅಂದಿನಿಂದ ಪ್ರತಿದಿನ ನಮ್ಮ ನಡುಮನೆಗೇ ಬಂದು ಕೂರತೊಡಗಿದಳು. ನಾನೇ ಡಬ್ಬವನ್ನು ಮದ್ದೂರಿಗೆ ಹೊತ್ತುಕೊಂಡು ಹೋಗಿ, ಅವಳು ಒಳಗೆ ಬರುವುದಕ್ಕೆ ಬಾಗಿಲು ಮಾಡಿಸಿಕೊಂಡು ಬಂದಿದ್ದೆ.

ಎರಡು ವಾರ ತಡೆದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಮೂರು ಸಲ ಕರೆದರೂ ಅವಳು ಏಳಲಿಲ್ಲ. ಹೆಡ್‌ಫೋನಿನೊಳಗೆ ನಾದಿನಿ ಏನೋ ಹೇಳಿದಳು, ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮೇಜಿನ ಹಿಂದಿನ ಸ್ವಿಚ್ಚನ್ನು ಆರಿಸಿಬಿಟ್ಟೆ.

"ಕರೆಂಟು ಓಯ್ತು," ಅಂದೆ.

ಮಗಳು ಮೇಲೆ ನೋಡಿದಳು. "ಫ್ಯಾನು ತಿರುಗ್ತಾ ಅದಲ್ಲಮ್ಮ."

ಇಬ್ಬರೂ ಸ್ವಲ್ಪ ಹೊತ್ತು ಫ್ಯಾನನ್ನೇ ನೋಡಿದೆವು. ಅವಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ನಿಂಗೆ ಅತ್ತೆ ಕಂಡ್ರೆ ಹೊಟ್ಟೆಕಿಚ್ಚಾ?"

ಸುಳ್ಳು ಹೇಳಬಹುದಿತ್ತು. ಫ್ಯಾನಿನ ಕೆಳಗೆ ನಿಂತು ಎರಡನೇ ಸುಳ್ಳು ಬಾಯಿಗೆ ಬರಲಿಲ್ಲ. "ಹೂ ಕಣೆ," ಅಂದೆ.

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಊಟಕ್ಕೆ ಬಂದು ಕೂತು, ಮುದ್ದೆ ಮುರಿಯುತ್ತಾ, "ಇಷ್ಟಕ್ಕೆ ಆ ಡಬ್ಬ ಹೊತ್ಕೊಂಡು ಬಸ್ಸಲ್ಲಿ ಹೋಗಿದ್ದಾ?" ಎಂದು ಕೇಳಿದಳು. ನಾನು ಸಾರು ಬಡಿಸಿದೆ.

ಅತ್ತೆ, ಸೊಸೆ ಇಬ್ಬರ ನಡುವೆ ಗುಟ್ಟು ನಿಲ್ಲುವ ಹಾಗಿಲ್ಲವಲ್ಲ, ಸಂಜೆಯೊಳಗೆ ನಾದಿನಿಗೆ ಸುದ್ದಿ ಹೋಯಿತು. ಮಾರನೆಯ ದಿನ ಅವಳು ಫೋನು ಮಾಡಿದಳು. ನಾನು ನಾಚಿಕೆಯಲ್ಲೇ ಫೋನು ಎತ್ತಿ, ಏನೋ ಸಮಾಧಾನದ ಮಾತು ಬರುತ್ತದೆಂದು ಕಾದೆ.

"ಅತ್ಗೆ, ನಿಮ್ಗೆ ಉರೀತದೆ ಅಂತ ಗೊತ್ತಾಯ್ತು," ಅಂದಳು. "ನಾನ್ ಒಂದ್ ಮಾತು ನೇರವಾಗಿ ಏಳ್ಬುಡ್ತೀನಿ. ಆ ಮಗು ಬಂದಾಗ್ಲೇ ನಮ್ಮನೇಲಿ ಸದ್ದು ಇರೋದು. ನಾನಂತೂ ಬುಟ್ಕೊಡಕಿಲ್ಲ."

"ನಾನೂ ಬುಟ್ಕೊಡಕಿಲ್ಲ ಕಣವ್ವ," ಅಂದೆ.

"ಸರಿ ಬುಡಿ ಅಂಗಾರೆ," ಎಂದು ಅವಳು ನಕ್ಕಳು. ನಾನೂ ನಕ್ಕೆ. ನನ್ನ ನಗು ಪೂರಾ ನಗುವಾಗಿರಲಿಲ್ಲ, ಅವಳದೂ ಇರಲಿಲ್ಲವೇನೋ. ಆದರೂ ಫೋನು ಇಟ್ಟ ಮೇಲೆ ಎದೆ ಸ್ವಲ್ಪ ಹಗುರಾಗಿತ್ತು.

ದಸರಾ ರಜೆಗೆ ಮಗಳು ಮಂಡ್ಯಕ್ಕೆ ಹೊರಟಳು, ನಾಲ್ಕು ದಿನ ಅತ್ತೆಯ ಜೊತೆ ಇರುವುದಕ್ಕೆ. ನಾನೂ ಎರಡು ಸೀರೆ ಬ್ಯಾಗಿಗೆ ತುಂಬಿಕೊಂಡು ಅವಳ ಪಕ್ಕದ ಸೀಟಿನಲ್ಲಿ ಕೂತೆ. ಮಗಳಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಕಿಟಕಿಯ ಕಡೆ ಸರಿದು ನಿದ್ದೆಹೋದಳು.

ನಾದಿನಿ ಬಾಗಿಲು ತೆಗೆದಳು. ಮಗಳನ್ನು ನೋಡಿ ಅಗಲವಾದ ಮುಖ, ಹಿಂದೆ ನಾನು ಬ್ಯಾಗು ಹಿಡಿದು ನಿಂತಿರುವುದನ್ನು ಕಂಡು ಒಂದು ಗಳಿಗೆ ಹಾಗೇ ನಿಂತುಹೋಯಿತು.

"ಅತ್ಗೇನೂ ಬಂದ್ರಾ?" ಅಂದಳು.

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಎಷ್ಟೋ ಶನಿವಾರ ಅದು ನನ್ನದೇ ಆಗಿತ್ತು. ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ಅವಳು ಬೇಗನೆ ಸಾವರಿಸಿಕೊಂಡು ನನ್ನ ಕೈಯಿಂದ ಬ್ಯಾಗು ಇಸಿದುಕೊಂಡಳು. "ಇನ್ನೊಂದು ಮುದ್ದೆಗೆ ಎಸರು ಜಾಸ್ತಿ ಇಡ್ತೀನಿ" ಎಂದು ಒಳಗೆ ಹೋದಳು. ನಾನು ಕಂಪ್ಯೂಟರಿನ ಮುಂದಿದ್ದ ಎರಡು ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕೂತೆ.