ವನಜ ಒರೆಸಿದ ಗೆರೆ

ಹೆಮ್ಮಾಡಿಯಿಂದ ಕೆಳಗೆ, ಮಳೆನೀರಿನ ತೋಡು ಹೊಳೆ ಸೇರುವಲ್ಲಿ ಒಂದು ಸಣ್ಣ ಕೇರಿ. ಅಲ್ಲಿ ನೆರೆ ಇಳಿದ ದಿನವೇ ಗೋಡೆಯ ಮೇಲಿನ ಕೆಸರಿನ ಗೆರೆ ತೊಳೆದು ಸುಣ್ಣ ಬಳಿಯಬೇಕು. ಗೆರೆ ಉಳಿದರೆ ಹೊಳೆ ಅದನ್ನು ಗುರುತು ಹಿಡಿದು ಮತ್ತೆ ಬರುತ್ತದಂತೆ. ನೀರು ಎಲ್ಲಿಯವರೆಗೆ ಏರಿತ್ತು ಎಂದು ಬಾಯಲ್ಲಿ ಆಡುವುದೂ ಇಲ್ಲ. ವನಜ ಮದುವೆಯಾಗಿ ಬಂದಾಗಲೇ ಅತ್ತೆಯಿಂದ ಇದನ್ನು ಕಲಿತಿದ್ದಳು. ತೊಂಬತ್ತೇಳರ ನೆರೆ ಕಿಟಕಿಯ ದಂಡೆ ಮುಟ್ಟಿತ್ತು. ಅವಳು ಒರೆಸಿದ ಮೇಲೆ, ಮರುದಿನ ಬಂದ ನೆಂಟರಿಗೆ ನೆರೆ ಬಂದದ್ದೇ ತಿಳಿಯಲಿಲ್ಲ.

ಆಮೇಲೆ ಕೆಲವು ವರ್ಷಕ್ಕೆ ಗಂಡ ಕುಷ್ಟ ತೆಂಗಿನ ಮರದಿಂದ ಬಿದ್ದು ಹಾಸಿಗೆ ಹಿಡಿದ. ಎತ್ತದೆ ಏಳುವ ಹಾಗಿಲ್ಲ.

ಹೆದ್ದಾರಿಯ ಮಳೆನೀರನ್ನು ಹೊಳೆಗೆ ಬಿಡಲು ಅವರ ಮನೆಯ ಹಿಂದೆ ಚರಂಡಿ ಮಾಡುವುದೆಂದು ಆದಾಗ, ಸಾಲಿಗ್ರಾಮದ ಕಡೆಯ ಇಂಜಿನಿಯರ್ ದಿನಕರ ಮನೆ ಮನೆಗೆ ಬಂದರು.

"ಅಕ್ಕ, ದೊಡ್ಡ ಮಳಿ ಬಂದ್ರೆ ಹೊಳಿ ಎಲ್ಲಿ ತನ್ಕ ಏರತ್ತ್? ಅದ್ ಗೊತ್ತಾಗ್ದೆ ಚರಂಡಿ ಬಾಯಿ ಎಲ್ಲಿ ಇಡುದ್? ಹೊಳಿ ಎತ್ರದಲ್ಲಿ ಇದ್ರೆ ಮಳಿ ನೀರ್ ಹೊರ್ಗ್ ಹೋತಿಲ್ಲೆ. ಹೊಳಿ ನೀರೇ ಒಳ್ಗ್ ಬತ್ತ್."

"ಹೊಳಿ ನಮ್ಮನ್ನ್ ಕೇಂಡ್ಕಂಡ್ ಬತ್ತಿಲ್ಲೆ ಇಂಜಿನಿಯರ್ರೇ!" ಎಂದು ಪಕ್ಕದ ಮನೆಯ ಗುಡ್ಡ ನಕ್ಕ.

ವನಜಳ ಕಣ್ಣು ಕಿಟಕಿಯ ಕಡೆ ಹೋಯಿತು. ಒಳಗೆ ಕುಷ್ಟ ಕೆಮ್ಮಿದ. ಆ ಕೆಮ್ಮಿನ ಅರ್ಥ ಅವಳಿಗೆ ಗೊತ್ತು.

"ಮೆಟ್ಲ್ ತನ್ಕ," ಎಂದಳು.

ಹೊಳೆಗಿಳಿಯುವ ಮುರಕಲ್ಲಿನ ಮೆಟ್ಟಿಲಿಗೆ ದಿನದಿನದ ಉಬ್ಬರಕ್ಕೆ ಚಿಪ್ಪು ಅಂಟಿದ್ದೂ ಅಲ್ಲಿಯವರೆಗೇ. ಉಳಿದ ಮನೆಯವರು ಹೇಳಿದ್ದೂ ಅದನ್ನೇ. ದಿನಕರ ಬಿಳಿಬಿಳಿ ಗೋಡೆಗಳನ್ನು ಮತ್ತೊಮ್ಮೆ ನೋಡಿ, ಮೆಟ್ಟಿಲನ್ನು ಅಳೆದುಕೊಂಡು ಹೋದರು.

ಬೇಸಿಗೆಯಲ್ಲಿ ಚರಂಡಿ ಮುಗಿಯಿತು. ವೈಶಾಖದ ಅಮಾಸೆಯ ಮಧ್ಯಾಹ್ನ, ಕಡಲು ಉಬ್ಬುವ ಹೊತ್ತು, ಆಕಾಶದಲ್ಲಿ ಒಂದು ಮೋಡವಿಲ್ಲ, ಹಿತ್ತಿಲಲ್ಲಿ ಯಾರೋ ಗುಳುಗುಳು ಬಾಯಿ ಮುಕ್ಕಳಿಸಿದ ಸದ್ದು. ವನಜ ಹೋಗಿ ನೋಡಿದರೆ ಒಣ ಚರಂಡಿಯಲ್ಲಿ ನೀರು ಮೇಲಕ್ಕೆ ಹರಿದು ಬರುತ್ತಿತ್ತು, ಅದರಲ್ಲಿ ಮೀನಿನ ಮರಿಗಳು. ಬೆರಳದ್ದಿ ನಾಲಿಗೆಗೆ ಇಟ್ಟಳು. ಉಪ್ಪು. ಹೊಳೆ ಇರುವುದು ಮನೆಯ ಎದುರಿಗೆ. ಇದು ಬೆನ್ನ ಹಿಂದಿನಿಂದ ಬಂದಿತ್ತು. ಮಳೆಯಿಲ್ಲದೆಯೇ ಇಷ್ಟಾದರೆ?

ಗುಡ್ಡನಿಂದ ದಿನಕರರಿಗೆ ಫೋನ್ ಮಾಡಿಸಿದಳು. ಅವರು ಬರುವ ಮೊದಲು ಕೆಮ್ಮಣ್ಣು ಕಲಸಿ, ಕಿಟಕಿಯ ದಂಡೆಯ ಮಟ್ಟಕ್ಕೆ ಹೊರಗೋಡೆಯ ಉದ್ದಕ್ಕೂ ಗೆರೆ ಎಳೆದಳು.

"ಹೆಣ್ಣೇ, ಹೊಳಿಗೆ ದಾರಿ ತೋರ್ಸ್ತ್ಯಾ?" ಎಂದು ಕುಷ್ಟ ಒಳಗಿಂದ ಕೂಗಿದ.

"ದಾರಿ ಅದ್ಕ್ ಗೊತ್ತಿತ್ತ್. ನೀವ್ ಸುಮ್ನೆ ಮನಿಕಣಿ."

ದಿನಕರ ನೆಲದಿಂದ ಗೆರೆಯವರೆಗೆ ಟೇಪು ಹಿಡಿದರು. "ಇಷ್ಟ್ ಎತ್ರವಾ? ಅವತ್ತೇ ಹೇಳುದಲ್ದಾ ಅಕ್ಕ?"

"ಹೇಳುಕಾಗ ಅಂದೇಳಿ ಇತ್ತ್."

ಅವರು ಬೈಯಲಿಲ್ಲ. ಚರಂಡಿಯ ಬಾಯಿಗೆ ಹೊರಗೆ ಮಾತ್ರ ತೆರೆಯುವ ಬಾಗಿಲು ಹಾಕಿಸಬೇಕು, ಆದರೆ ಅದು ಬರುವುದು ಮಳೆಗಾಲ ಕಳೆದ ಮೇಲೆಯೇ ಎಂದರು. "ಅಲ್ಲಿ ತನ್ಕ ಅಮಾಸಿಗೆ ಜೋರ್ ಮಳಿ ಬಂದ್ರೆ ಇಲ್ಲಿ ಇಪ್ಪುದ್ ಬ್ಯಾಡ."

"ಇವ್ರನ್ನ್ ಹೊತ್ಕಂಡ್ ಎಲ್ಲಿಗ್ ಹೋಪುದ್?"

ದಿನಕರ ಟೇಪು ಸುತ್ತಿಕೊಂಡರು. ಮಳೆ ಹಿಡಿದ ದಿನವೇ ವನಜ ಗುಡ್ಡನ ಸಣ್ಣ ದೋಣಿಯನ್ನು ಕೇಳಿ ತಂದು ಜಗಲಿಯ ಕಂಬಕ್ಕೆ ಕಟ್ಟಿದಳು. ಹಗ್ಗದ ಗಂಟನ್ನು ಕೆಂಪು ಗೆರೆಗಿಂತ ಮೇಲೆ ಹಾಕಿದಳು. ಕೇರಿಯವರು ಆ ಗೋಡೆಯ ಮುಂದೆ ಮುಖ ತಿರುಗಿಸಿಕೊಂಡು ನಡೆದರು.

ಆಷಾಢದ ಅಮಾಸೆಗೆ ಮಳೆ ಬಿಡಲೇ ಇಲ್ಲ. ಮಧ್ಯಾಹ್ನದ ಉಬ್ಬರಕ್ಕೆ ಸರಿಯಾಗಿ ನೀರು ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು. ಮೊದಲು ಒಲೆಯ ಬೂದಿ ತೇಲಿತು, ಆಮೇಲೆ ಮಣೆ. ಗುಡ್ಡನೂ ಅವಳೂ ಸೇರಿ ಕುಷ್ಟನನ್ನು ದೋಣಿಗೆ ಎತ್ತಿ ಹಾಕುವಷ್ಟರಲ್ಲಿ ನೀರು ಎದೆಗೆ ಬಂದಿತ್ತು. ಗುಡ್ಡ ದೋಣಿಯನ್ನು ತೆಂಗಿನ ಮರಗಳ ನಡುವೆ ಎತ್ತರದ ದಿಬ್ಬದ ಕಡೆ ತಿರುಗಿಸಿದ.

ಟಾರ್ಪಾಲಿನಡಿಯಿಂದ ಕುಷ್ಟ ಕೇಳಿದ, "ಗೆರಿ ಮುಟ್ತಾ?"

ವನಜ ತಿರುಗಿ ನೋಡಿದಳು. ಗೋಡೆಯ ಮೇಲೆ ಗೆರೆ ಕಾಣಲಿಲ್ಲ. ಕಿಟಕಿಯ ಸರಳುಗಳ ಮೇಲಿನ ತುದಿ ಮಾತ್ರ ನೀರಿನಿಂದ ಹೊರಗಿತ್ತು.

"ಇಲ್ಲೆ," ಎಂದಳು. "ಇನ್ನೂ ಕೆಳ್ಗೇ ಇತ್ತ್."

ಗುಡ್ಡ ಅವಳ ಮುಖ ನೋಡಿ ಗಳ ಊರಿದ.