ಭುಜದ ಮೇಲಿನ ಕೈ

ಕಳಸದ ಕಡೆ ಹುಡುಗಿಗೆ ಸಂಬಂಧ ಬಂದರೆ ಜಾತಕ ಜೋಯಿಸರ ಮನೆಗೆ ಹೋಗುತ್ತಿತ್ತು, ಫೋಟೋ ವಿಶಾಲಾಕ್ಷಮ್ಮನ ಹತ್ತಿರ ಬರುತ್ತಿತ್ತು. ಮೂಡಿಗೆರೆಯಲ್ಲಿ ಗಂಡ ಫೋಟೋ ಸ್ಟುಡಿಯೋ ನಡೆಸಿದಷ್ಟು ಕಾಲವೂ ಚಿತ್ರ ತಿದ್ದುವ ಕೆಲಸ ಆಕೆಯದೇ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮುಚ್ಚುತ್ತಿದ್ದಳು. ತೀರಿಕೊಂಡ ಯಜಮಾನರನ್ನು ಹಳೆಯ ಗುಂಪುಚಿತ್ರದಿಂದ ಬ್ಲೇಡಿನಲ್ಲಿ ಕತ್ತರಿಸಿ, ಹೆಂಡತಿಯ ಪಕ್ಕ ಅಂಟಿಸಿ ಕೊಡುತ್ತಿದ್ದಳು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದವಳಿಗೆ ಯಾವ ಫೋಟೋ ನೋಡಿದರೂ ಮೊದಲು ಹುಟ್ಟುತ್ತಿದ್ದುದು ಅನುಮಾನ. ತೊಂಬತ್ತೆಂಟರಲ್ಲಿ ಗಂಡ ಹೋದ ಮೇಲೆ ಸ್ಟುಡಿಯೋ ಮುಚ್ಚಿ, ಕಳಸದಲ್ಲಿ ತಮ್ಮ ಕಾಶೀನಾಥನ ಮನೆ ಸೇರಿದಳು. ಅಷ್ಟರಲ್ಲಿ ಪೇಟೆಯ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂತು. ಆಕೆಯ ಅನುಮಾನ ಇನ್ನಷ್ಟು ಬಲಿಯಿತು.

ಎರಡು ಸಾವಿರದ ನಾಲ್ಕರಲ್ಲಿ ಕಾಶೀನಾಥನ ಮಗಳು ಪಂಚಮಿಗೆ ಆಲ್ದೂರಿನಿಂದ ಒಂದು ಸಂಬಂಧ ಬಂತು. ಹುಡುಗ ರವಿಶಂಕರ, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಮಾಸ್ತ. ಸಂಬಂಧ ತಂದ ಪುರೋಹಿತರು ಕೊಟ್ಟ ಫೋಟೋದಲ್ಲಿ ತಾಯಿ ಕುರ್ಚಿಯಲ್ಲಿ ಕೂತಿದ್ದರು. ಹುಡುಗ ಹಿಂದೆ ನಿಂತು ಅವರ ಭುಜದ ಮೇಲೆ ಕೈ ಇಟ್ಟಿದ್ದ.

ವಿಶಾಲಾಕ್ಷಮ್ಮ ಫೋಟೋವನ್ನು ಕಿಟಕಿಯ ಬಳಿ ಒಯ್ದು ಭೂತಗನ್ನಡಿ ಹಿಡಿದಳು.

"ಇದು ಜೋಡಿಸಿದ್ದು," ಅಂದಳು.

"ಶುರುವಾಯ್ತು. ನಿಂಗೆ ಯಾರ ಮೇಲೂ ನಂಬಿಕೆ ಇಲ್ಲ ಮಾರಾಯ್ತಿ," ಅಂದ ಕಾಶೀನಾಥ.

"ನೀನೇ ನೋಡು. ಭುಜದ ಮೇಲೆ ಕೈ ಇಟ್ರೆ ಸೀರೆ ಒತ್ತಬೇಕಾ ಬೇಡ್ವಾ? ಒಂದು ಮಡಿಕೆ ಅಲುಗಿಲ್ಲ. ಹುಡುಗ ಮನೇಲಿಲ್ಲ. ಅಮ್ಮನ ಜತೆ ಜಗಳ ಆಡಿ ಹೋಗಿರ್ಬೇಕು, ಇಲ್ಲಾ ಕಾಲಲ್ಲಿ ಐಬಿರ್ಬೇಕು. ಎಲ್ಲಿಂದಲೋ ಅವನ ಚಿತ್ರ ತಂದು ನಿಲ್ಸಿದ್ದಾರೆ."

ಪಂಚಮಿ ಫೋಟೋವನ್ನು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದನ್ನು ವಿಶಾಲಾಕ್ಷಮ್ಮ ಕಂಡಳು. ಅದಕ್ಕೇ ಆಕೆಗೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ಬಾಳೆಹೊನ್ನೂರಿನಲ್ಲಿ ನೆಂಟರಿದ್ದಾರೆಂದು ಹೇಳಿ ಬಸ್ಸು ಹತ್ತಿದವಳು ಅಲ್ಲಿ ಇಳಿಯಲೇ ಇಲ್ಲ, ಆಲ್ದೂರಿನವರೆಗೂ ಹೋದಳು.

ಬಾಗಿಲು ತೆಗೆದವನು ರವಿಶಂಕರನೇ. ನೆಟ್ಟಗೆ ನಡೆದು ಬಂದ, ಕಾಲು ತೊಳೆಯಲು ನೀರು ಕೊಟ್ಟ, ಕಳಸದವರೆಂದು ತಿಳಿದು ತಂದೆಯನ್ನು ಕರೆದ. ಹುಡುಗನಲ್ಲಿ ಐಬು ಕಾಣಲಿಲ್ಲ. ಆದರೂ ಆಕೆಯ ಅನುಮಾನ ಹೋಗಲಿಲ್ಲ. ಕಾಫಿ ತಂದವನೂ ಅವನೇ. ಒಳಗೆ ಬಳೆಯ ಸದ್ದಿಲ್ಲ, ಹಗ್ಗದ ಮೇಲೆ ಒಂದು ಸೀರೆಯಿಲ್ಲ.

"ನಿಮ್ಮ ಮನೆಯವ್ರು ಎಲ್ಲಿ? ಅವ್ರನ್ನೊಮ್ಮೆ ಮಾತಾಡಿಸಿ ಹೋಗ್ತೀನಿ," ಅಂದಳು.

ತಂದೆ ಲೋಟದತ್ತ ನೋಡುತ್ತ ಕೂತರು. ರವಿಶಂಕರನೇ ಹೇಳಿದ: "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು."

ವಿಶಾಲಾಕ್ಷಮ್ಮ ಲೋಟ ಕೆಳಗಿಟ್ಟಳು. ಜೋಡಿಸಿದ್ದು ನಿಜ. ಆದರೆ ಅಂಟಿಸಿದ್ದು ಹುಡುಗನನ್ನಲ್ಲ.

"ಅಮ್ಮನ ಜತೆ ನಾನು ಇರೋ ಒಂದು ಫೋಟೋನೂ ಇರ್ಲಿಲ್ಲ," ಅಂದ ಅವನು. "ಚಿಕ್ಕಮ್ಮನ ಮದುವೇಲಿ ಅಮ್ಮ ಕೂತಿದ್ದ ಚಿತ್ರ ಕೊಟ್ಟು ಸ್ಟುಡಿಯೋದಲ್ಲಿ ಮಾಡಿಸ್ದೆ. ಕೈ ಎಲ್ಲಿ ಇಡ್ತೀರಿ ಅಂತ ಕೇಳಿದ್ರು. ಭುಜದ ಮೇಲೆ ಅಂದೆ. ಇದು ನಮಗೋಸ್ಕರ ಮಾಡ್ಸಿದ್ದು. ಹೆಣ್ಣಿನ ಕಡೆಗೆ ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ."

"ನಾನೇ ಕೊಟ್ಟಿದ್ದು," ಅಂದರು ತಂದೆ. "ಹೆಂಗಸಿಲ್ಲದ ಮನೆ ಅಂತ ಮೂರು ಕಡೆ ಬೇಡ ಅಂದ್ರು. ಹುಡುಗಿ ನೋಡೋಕೆ ಬಂದಾಗ ಹೇಳಿದ್ರಾಯ್ತು ಅಂದ್ಕೊಂಡೆ."

ತಾನು ಅಂಟಿಸಿಕೊಟ್ಟ ಎಷ್ಟು ಚಿತ್ರಗಳು ಯಾರ ಯಾರ ಮನೆಗೆ ಹೀಗೆ ಹೋಗಿರಬಹುದೋ ಎಂಬ ಯೋಚನೆ ಆಕೆಗೆ ಮೊದಲ ಬಾರಿಗೆ ಬಂತು. ಆದರೂ ದನಿ ಸಡಿಲಿಸಲಿಲ್ಲ.

"ಮನೇಲಿ ಇಟ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಹೆಣ್ಣು ಕೇಳೋಕೆ ಮಾತ್ರ ಅದನ್ನ ಕಳಿಸ್ಬಾರ್ದಿತ್ತು," ಅಂದು ಎದ್ದಳು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಕಾಶೀನಾಥ ಸಂಬಂಧವೇ ಬೇಡವೆಂದ. ಪಂಚಮಿ ಕೇಳಿದ್ದು ಒಂದೇ ಮಾತು.

"ಅವರಿಗೆ ಗೊತ್ತಿರ್ಲಿಲ್ಲ ಅಂದಿದ್ದು ನಿಜ ಅನ್ಸುತ್ತಾ ಅತ್ತೆ?"

"ಅರ್ಧ ಅನ್ಸುತ್ತೆ."

"ಹಾಗಾದ್ರೆ ಇನ್ನರ್ಧ ನಾನೇ ಕೇಳ್ತೀನಿ," ಅಂದಳು ಪಂಚಮಿ.

ಪಂಚಮಿ ಹೇಳಿಕಳಿಸಿದ್ದಕ್ಕೆ ಮುಂದಿನ ವಾರ ರವಿಶಂಕರ ಒಬ್ಬನೇ ಬಂದ. ಇಬ್ಬರೂ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡಿದರು. ಏನು ಮಾತಾಡಿದರೆಂದು ಪಂಚಮಿ ಯಾರಿಗೂ ಹೇಳಲಿಲ್ಲ, ತನಗೆ ಒಪ್ಪಿಗೆ ಎಂದಷ್ಟೇ ಅಂದಳು; ಕೊನೆಗೆ ಕಾಶೀನಾಥನೂ ಮಣಿದ. ವೈಶಾಖದಲ್ಲಿ ಮದುವೆಯಾಯಿತು. ಆಮೇಲೂ ಒಂದು ವರ್ಷ ಪಂಚಮಿಯ ಫೋನ್ ಬಂದಾಗಲೆಲ್ಲ ವಿಶಾಲಾಕ್ಷಮ್ಮ, "ನಿನ್ನ ಮಾವ ಏನಾದ್ರೂ ಮುಚ್ಚಿಡ್ತಾರೇನೇ?" ಎಂದು ಕೇಳುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಆಕೆ ಸೆರಗಿನಲ್ಲಿ ಎರಡು ಫೋಟೋ ಮುಚ್ಚಿಕೊಂಡು ಕಳಸದ ಪೇಟೆಯ ಸ್ಟುಡಿಯೋಗೆ ಹೋದಳು. ಗಂಡ ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇದ್ದವರು. ಇಬ್ಬರೂ ಒಟ್ಟಿಗಿರುವ ಚಿತ್ರ ಒಂದೂ ಇರಲಿಲ್ಲ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅವರನ್ನು ಆಕೆಯ ಪಕ್ಕ ತಂದು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದ.

ಆಕೆ ತುಂಬ ಹೊತ್ತು ನೋಡಿದಳು.

"ಇಷ್ಟು ಹತ್ತಿರ ನಿಲ್ಲೋರಲ್ಲ ಇವ್ರು," ಅಂದಳು. "ಸ್ವಲ್ಪ ಆಚೆ ಸರಿಸಪ್ಪ."

ಅವನು ಸರಿಸಿದ. ಇನ್ನೂ ಒಂದಿಷ್ಟು ಸರಿಸಲು ಹೇಳಹೊರಟು, ಬೇಡವೆನಿಸಿ, ಅಷ್ಟಕ್ಕೇ ಪ್ರಿಂಟ್ ಹಾಕಿಸಿಕೊಂಡಳು.